ಕಿಂದರಿ ಎರಡನೇ ಸಲ ನುಡಿದಾಗ

ಇಲಿಗಳು ಹೊಳೆಗೆ ಬಿದ್ದ ಕೂಡಲೇ ಎದ್ದು ಹೋಗುವ ಪ್ರೇಕ್ಷಕರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ಬೇಸಿಗೆ ಶಿಬಿರದ ಮಕ್ಕಳು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಆಡಿದರೆ ಇದು ತಪ್ಪಿದ್ದಲ್ಲ. ಬೂದು ಬಟ್ಟೆಯ ಬಾಲ ಕಟ್ಟಿಕೊಂಡ ತಮ್ಮ ಮಗು ನಾಲ್ಕು ಹೆಜ್ಜೆ ಹಾಕಿ ಮುಗಿಸುವವರೆಗೆ ಹಿಂದಿನವರಿಗೆ ಅಡ್ಡ ನಿಂತು ಮೊಬೈಲಿನಲ್ಲಿ ಹಿಡಿಯುತ್ತಾರೆ. ಇಲಿಗಳ ಪಾತ್ರ ಮುಗಿಯಿತೋ, ಪಕ್ಕದ ಬಾಗಿಲಿಂದ ಮಗುವನ್ನು ಕರೆದುಕೊಂಡು, ಬಂದದ್ದು ಬಂದಾಯಿತು ಅಂತ ಗಾಂಧಿ ಬಜಾರಿನ ಕಡೆ ಗಾಡಿ ತಿರುಗಿಸುತ್ತಾರೆ. ಉಳಿದರ್ಧ ನಾಟಕ ಖಾಲಿ ಕುರ್ಚಿಗಳ ಮುಂದೆ ನಡೆಯುತ್ತದೆ. ಆ ಉಳಿದರ್ಧಕ್ಕಾಗಿಯೇ ಈ ಕಥೆ ಇರುವುದು.

ಕಥೆಯನ್ನು ನಾನಿಲ್ಲಿ ಹೇಳಲು ಹೋಗುವುದಿಲ್ಲ. ಗೊತ್ತಿಲ್ಲದವರು ಪುಸ್ತಕ ಕೊಂಡು ಓದಿ, ಗಟ್ಟಿಯಾಗಿ ಓದಿ, ನಾಲ್ಕು ನಾಲ್ಕು ಮಾತ್ರೆಯ ಆ ಕುಣಿತ ನಾಲಿಗೆಗೆ ಹತ್ತುವವರೆಗೆ ಓದಿ. ಕಿಂದರಿಜೋಗಿ ಅಂದರೆ 1989ರ ರವಿಚಂದ್ರನ್ ಸಿನಿಮಾ ಎಂದಷ್ಟೇ ಗೊತ್ತಿರುವವರು ಈ ಕೆಲಸವನ್ನು ಇವತ್ತೇ ಮಾಡುವುದು ಒಳ್ಳೆಯದು. ಇದರ ಮೂಲವಾದ ಇಂಗ್ಲಿಷ್ ಪದ್ಯವನ್ನು ರಾಬರ್ಟ್ ಬ್ರೌನಿಂಗ್ ಕಟ್ಟಿದ್ದು ನಟ ಮೆಕ್ರೀಡಿಯ ಕಾಯಿಲೆ ಬಿದ್ದಿದ್ದ ಮಗನಿಗಾಗಿ, ಹುಡುಗ ಹಾಸಿಗೆಯಲ್ಲೇ ಕೂತು ಅದಕ್ಕೆ ಚಿತ್ರ ಬರೆಯಲಿ ಎಂದು. 1842ರಲ್ಲಿ ಅಚ್ಚಾಯಿತು. ಹದಿಹರೆಯದಲ್ಲಿ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ನಮ್ಮ ತೀರ್ಥಹಳ್ಳಿ ಸೀಮೆಯ ಪುಟ್ಟಪ್ಪನವರಿಗೆ, ಅಂದರೆ ಕುವೆಂಪು ಅವರಿಗೆ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಜೇಮ್ಸ್ ಕಸಿನ್ಸ್ ಹೇಳಿದ್ದು 1924ರಲ್ಲಿ. ಆಮೇಲೆ ಕುವೆಂಪು ಜರ್ಮನಿಯ ವೇಸರ್ ನದಿಯನ್ನು ತುಂಗೆ ಮಾಡಿದರು, ಮೇಯರನನ್ನು ಗೌಡ ಮಾಡಿದರು. ಇಷ್ಟನ್ನು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಡುತ್ತಾರೆ. ಹೇಳಿಕೊಡದ್ದು ಒಂದಿದೆ: ಅವರು ಕೊಳಲನ್ನು ಕಿತ್ತುಕೊಂಡು ಕಿಂದರಿ ಕೊಟ್ಟರು.

ಈಚಿನ ಹತ್ತು ಕಿಂದರಿಜೋಗಿಗಳಲ್ಲಿ ಎಂಟರ ಕೈಯಲ್ಲಿ ಕೊಳಲಿರುತ್ತದೆ. ಯಾವುದೋ ಕಾರ್ಟೂನಿನಲ್ಲಿ ನೋಡಿದ್ದು. ಕುವೆಂಪು ಅವರಿಗೆ ಕೊಳಲಿನ ಮೇಲೆ ಪ್ರೀತಿ ಇರಲಿಲ್ಲವೇ? ಅವರ ಮೊದಲ ಕನ್ನಡ ಕವನಸಂಕಲನದ ಹೆಸರೇ 'ಕೊಳಲು', 1930ರದು. ಬೇಕಿದ್ದರೆ ಕೊಡುತ್ತಿದ್ದರು. ನಮ್ಮ ನೆಲದಲ್ಲಿ ಕೊಳಲು ಹಿಡಿದವನು ಬಂದರೆ ಜನ ನೋಡುವುದು ಕೃಷ್ಣನನ್ನು. ಅವನ ಹಿಂದೆ ಹಸು ಕರು ಹೋದರೂ ಮಕ್ಕಳು ಹೋದರೂ ಅದು ಲೀಲೆ. ತಾಯಂದಿರಿಗೆ ಭಯ ಹುಟ್ಟುವುದಿಲ್ಲ, ಕೈ ಮುಗಿಯುವಂತಾಗುತ್ತದೆ. ಅಲ್ಲಿಗೆ ಕಥೆ ಸತ್ತಿತು.

ಕಿಂದರಿ, ಅಂದರೆ ಕಿನ್ನರಿ, ಬೇರೆಯೇ ಜಾತಿಯ ವಾದ್ಯ. ಕಿನ್ನರಿ ಜೋಗಿಗಳನ್ನು ಕಂಡವರಿಗೆ ಗೊತ್ತು: ಬಿದಿರ ದಂಡ, ಕೆಳಗೆ ಸೋರೆ ಬುರುಡೆಗಳು, ಮೇಣದಲ್ಲಿ ಕೂರಿಸಿದ ಮೆಟ್ಟಿಲು, ಬೆರಳಿನಿಂದ ಮೀಟುವ ತಂತಿ. ಅದನ್ನು ಹಿಡಿದು ಅವರು ಮನೆಮನೆಯ ಮುಂದೆ ಅರ್ಜುನ ಜೋಗಿಯ ಕಥೆ ಹಾಡುತ್ತಿದ್ದರು. ಆ ನಾದ ಊರಾಚೆಗೆ ಮೊಳಗುವಂಥದ್ದಲ್ಲ, ಸಣ್ಣದು. ಕೇಳಬೇಕಾದರೆ ಮಾತು ನಿಲ್ಲಿಸಿ ಹತ್ತಿರ ಹೋಗಬೇಕು. ಜೊತೆಗೆ, ಬಾಗಿಲಿಗೆ ಬಂದ ಜೋಗಿಯನ್ನು ಬರಿಗೈಲಿ ಕಳಿಸಬಾರದು ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಹಳೆಯದು. ಗೌಡ ಮಾತು ತಪ್ಪಿದಾಗ ಅದು ಬರೀ ಕೂಲಿ ಕೊಡದ ಮೋಸವಲ್ಲ, ಜೋಗಿಯನ್ನು ಬರಿಗೈಲಿ ತಿರುಗಿಸಿದ್ದು. ನಮ್ಮ ಕಡೆಯ ಅಜ್ಜಿಯರಿಗೆ ಮುಂದೇನಾಗುತ್ತದೆ ಎಂದು ಆ ಕ್ಷಣಕ್ಕೇ ಗೊತ್ತಾಗುತ್ತದೆ. ಕೊಳಲು ಹಿಡಿಸಿದರೆ ಇದೆಲ್ಲ ಹೋಯಿತು.

ಆದ್ದರಿಂದ ನಾಟಕಕ್ಕೆ ಹೋದಾಗ ಮೊದಲು ಜೋಗಿಯ ಕೈ ನೋಡಿ. ಆಮೇಲೆ ಕಣ್ಣು ಬಿಟ್ಟು ಕಿವಿ ಕೊಡಿ. ಜೋಗಿ ನುಡಿಸುವುದು ಎರಡು ಸಲ, ಇಲಿಗಳಿಗೊಮ್ಮೆ, ಮಕ್ಕಳಿಗೊಮ್ಮೆ. ಬ್ರೌನಿಂಗ್ ಎರಡು ಸಲವೂ ಮೂರೇ ಮೂರು ಸ್ವರ ಊದಿಸುತ್ತಾನೆ. ಮೊದಲ ಸಲ ಅವು ಚೂಪು, ಎರಡನೇ ಸಲ ಮೆದು. ಇಲಿಗಳಿಗೆ ಆ ಸ್ವರದಲ್ಲಿ ಉಪ್ಪಿನಕಾಯಿ ಪೀಪಾಯಿಯ ಮುಚ್ಚಳ ಸರಿದ ಸದ್ದು ಕೇಳುತ್ತದೆ, ಮಕ್ಕಳಿಗೆ ರೆಕ್ಕೆಯ ಕುದುರೆಗಳ ನಾಡು ಕಾಣುತ್ತದೆ. ಯಾರ ಆಸೆ ಏನೋ ಅದನ್ನೇ ಅವನು ನುಡಿಸುತ್ತಾನೆ. ಈ ಎರಡು ನುಡಿತದ ನಡುವಿನ ಅಂತರವೇ ನಾಟಕ. ಎರಡಕ್ಕೂ ಒಂದೇ ಟ್ಯೂನನ್ನು ಪೆನ್‌ಡ್ರೈವಿನಿಂದ ಹಾಕಿ, ಜೋಗಿಯಿಂದ ಸುಮ್ಮನೆ ಬೆರಳಾಡಿಸುವ ನಿರ್ದೇಶಕನಿಗೆ ಈ ಕಥೆ ಮುಟ್ಟುವ ಹಕ್ಕಿಲ್ಲ. ಇಂಥದ್ದಕ್ಕೆ ಶಿಳ್ಳೆ ಹೊಡೆಯುವವರನ್ನೂ ನಾನು ಕ್ಷಮಿಸಲಾರೆ. ಕಲ್ಲು, ತಗಡು, ತೆಂಗಿನ ಚಿಪ್ಪಿನಿಂದ ರಂಗಸಂಗೀತ ಹೊರಡಿಸಿದ ಬಿ.ವಿ. ಕಾರಂತರ ನಾಡು ಇದು. ಒಂದು ತಂತಿ, ಒಂದು ಬುರುಡೆ ಹೊಂದಿಸಲು ದುಡ್ಡಿಲ್ಲ ಎಂದರೆ ನಂಬುವುದು ಹೇಗೆ?

ಎರಡನೇ ನುಡಿತದ ಶಕ್ತಿ ನನಗೆ ತಿಳಿದದ್ದು ಒಂದು ರಾತ್ರಿ ಭದ್ರಾವತಿಯ ಪೇಪರ್‌ಟೌನಿನಲ್ಲಿ ಈ ನಾಟಕ ನೋಡಿದಾಗ. ಗಾಂಧಿ ಬಜಾರಿನಲ್ಲಿ ನಮ್ಮದು ದಿನಸಿ ಅಂಗಡಿ. ಇಲಿ ಕಡಿದ ಅಕ್ಕಿಚೀಲಕ್ಕೆ ಗೋಣಿ ತೇಪೆ ಇಟ್ಟು ದಬ್ಬಣದಲ್ಲಿ ಹೊಲಿಯುವುದು ನನ್ನ ರಜೆಯ ಕೆಲಸವಾದ್ದರಿಂದ ಬೊಮ್ಮನಹಳ್ಳಿಯ ಇಲಿಗಳೆಲ್ಲ ನನಗೆ ಖುದ್ದು ಪರಿಚಯ. ಪದ್ಯ ಪೂರ್ತಿ ಬಾಯಿಪಾಠವಿತ್ತು, ನಗೆಪದ್ಯ ಎಂದೇ ತಿಳಿದಿದ್ದೆ. ಆ ರಾತ್ರಿ ಬಯಲಿನಲ್ಲಿ ಚಾಪೆ ಹಾಸಿ ಕೂತಿದ್ದೆವು. ಗೌಡ ಕೈಯಾಡಿಸಿ ಜೋಗಿಯನ್ನು ಕಳಿಸಿದ. ಹಿಮ್ಮೇಳ ಪೂರ್ತಿ ನಿಂತಿತು. ಜೋಗಿ ರಂಗದಿಂದ ಕೆಳಗಿಳಿದು, ತಂತಿ ಮೀಟುತ್ತ, ನಮ್ಮ ಚಾಪೆಗಳ ನಡುವೆ ನಿಧಾನ ನಡೆದು ಬಂದ. ಅಲ್ಲಲ್ಲಿ ಮಕ್ಕಳು ಎದ್ದರು. ಅವರು ನಟರೋ ನಮ್ಮ ನಡುವಿನವರೋ ಗೊತ್ತಾಗಲಿಲ್ಲ. ನನ್ನ ಪಕ್ಕದಲ್ಲಿದ್ದ ತಂಗಿಯೂ ಎದ್ದಳು. ಫ್ರಾಕಿನ ತುದಿ ಹಿಡಿದು ಎಳೆದೆ. ನನ್ನ ಕಡೆ ನೋಡದೆ ಕೊಡವಿಕೊಂಡು ನಾಲ್ಕು ಹೆಜ್ಜೆ ಹೋಗಿಯೇಬಿಟ್ಟಳು. ಹಿಂದಿನಿಂದ ಯಾರೋ ಹೆಂಗಸು ತನ್ನ ಮಗನ ಹೆಸರು ಹಿಡಿದು ಜೋರಾಗಿ ಕೂಗಿದರು. ಆಮೇಲೆ ಆ ಪದ್ಯ ಹೇಳುವಾಗ ನನಗೆ ನಗು ಬಂದಿಲ್ಲ.

ಈಗಿನ ರೂಪಾಂತರಗಳಲ್ಲಿ ನನಗೆ ಸಹಿಸಲಾಗದ್ದು ಮುಕ್ತಾಯ. ಗೌಡ ಕಾಲಿಗೆ ಬೀಳುತ್ತಾನೆ, ಜೋಗಿ ನಗುತ್ತಾನೆ, ಮಕ್ಕಳೆಲ್ಲ ವಾಪಸು ಬಂದು ಪ್ಲಾಸ್ಟಿಕ್ ಬಿಡಿ ಎಂದು ಹಾಡುತ್ತಾರೆ. ಮಕ್ಕಳ ಮನಸ್ಸಿಗೆ ನೋವಾಗಬಾರದಂತೆ! ಬ್ರೌನಿಂಗ್ ಪದ್ಯದ ಕಥೆ ನಡೆಯುವ ಹ್ಯಾಮೆಲಿನ್ ಊರಿನ ಹಳೆಯ ದಾಖಲೆಗಳಲ್ಲಿ ಇಲಿಗಳೇ ಇಲ್ಲ. ಅಲ್ಲಿರುವುದು 1284ರ ಜೂನ್ 26ರಂದು ಊರು ಬಿಟ್ಟುಹೋದ 130 ಮಕ್ಕಳು ಮತ್ತು ಒಬ್ಬ ಕೊಳಲಿನವನು. ಇಲಿಗಳು ಸೇರಿಕೊಂಡದ್ದು 16ನೇ ಶತಮಾನದಲ್ಲಿ. ಮಕ್ಕಳು ಹೋದರೆಂದು ನಂಬುವ ಬೀದಿಯಲ್ಲಿ ಇಂದಿಗೂ ವಾದ್ಯ ನುಡಿಸುವುದಿಲ್ಲ, ಕುಣಿಯುವುದಿಲ್ಲ. ಅಂದಮೇಲೆ ಮಕ್ಕಳು ತಿರುಗಿ ಬರುವ ನಾಟಕ ಯಾವ ಕಥೆಯ ರೂಪಾಂತರ?

ಬದಲಾಯಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಇಂಗ್ಲಿಷಿನ ಟೆರಿ ಪ್ರಾಟ್ಚೆಟ್ 2001ರಲ್ಲಿ ಮಾತಾಡುವ ಬೆಕ್ಕು, ಯೋಚಿಸುವ ಇಲಿಗಳು ಮತ್ತು ಕೊಳಲಿನ ಹುಡುಗ ಸೇರಿ ಊರೂರಿಗೆ ಟೋಪಿ ಹಾಕುವ ಕಾದಂಬರಿ ಬರೆದ. ತಲೆಕೆಳಗು ಮಾಡಿದ, ಆದರೆ ಕತ್ತಲನ್ನು ತೆಗೆಯಲಿಲ್ಲ. ಆ ಪುಸ್ತಕದ ನೆಲಮಾಳಿಗೆಗಳು ದೊಡ್ಡವರನ್ನೂ ಹೆದರಿಸುತ್ತವೆ. ಅದಕ್ಕೆ ಮಕ್ಕಳ ಪುಸ್ತಕಗಳ ಕಾರ್ನೆಗಿ ಪದಕವೂ ಬಂತು.

ವೇಷ, ರಂಗಸಜ್ಜಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಲಿಯ ಮುಖವಾಡ ಎಷ್ಟು ಕಡಿಮೆಯಿದ್ದರೆ ಅಷ್ಟು ಚೆನ್ನ. ಹೊಳೆಗೆ ಒಂದು ನೀಲಿ ಸೀರೆ ಸಾಕು. ಗೌಡನನ್ನು ಹಾಸ್ಯಪಾತ್ರ ಮಾಡಿದ್ದರೆ ಸಹಿಸಿಕೊಳ್ಳಿ, ಎಲ್ಲರೂ ಹಾಗೇ ಮಾಡುತ್ತಾರೆ. ಹಿಂದುಳಿದ ಕುಂಟ ಹುಡುಗನ ಪಾತ್ರ ಇದೆಯೇ ಅಂತ ಮಾತ್ರ ಗಮನಿಸಿ. ಸಮಯ ಸಾಲದು ಎಂದು ಮೊದಲು ಕತ್ತರಿ ಬೀಳುವುದು ಅವನಿಗೆ, ಆ ನಾದದಲ್ಲಿ ಏನಿತ್ತೆಂದು ಹೇಳಲು ಊರಿನಲ್ಲಿ ಉಳಿದ ಮಗು ಅವನೊಬ್ಬನೇ ಆಗಿದ್ದರೂ.

ಮುಂದಿನ ಸಲ ನಡುದಾರಿಯ ಪಕ್ಕದ ಕುರ್ಚಿ ಹಿಡಿಯಿರಿ. ಜೋಗಿ ಕೆಳಗಿಳಿದರೆ ಆ ದಾರಿಯಲ್ಲೇ ಬರಬೇಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಪ್ರತ್ಯೇಕ ಕೂರಿಸಿ, ಏಳಬೇಕೆನಿಸಿದರೆ ಏಳಲಿ. ಮನೆಗೆ ಬಂದಮೇಲೆ ಏನು ನೀತಿ ಕಲಿತೆ ಅಂತ ಪೀಡಿಸದೆ, ಎರಡನೇ ಸಲ ನುಡಿಸಿದಾಗ ನಿನಗೇನು ಕೇಳಿಸಿತು ಎಂದು ಕೇಳಿ, ಹೇಳಿದ್ದನ್ನು ತಿದ್ದದೆ ಕೇಳಿಸಿಕೊಳ್ಳಿ.