ಎಲ್ಮನ್ನರ ಜಾಲ ಕಂಡುಕೊಂಡದ್ದೇನು?

ಜೆಫ್ರಿ ಎಲ್ಮನ್ (1948–2018) ಕೃತಕ ಬುದ್ಧಿಮತ್ತೆಯ ಚರಿತ್ರೆಗಳಲ್ಲಿ ಬಹುಮಟ್ಟಿಗೆ ಒಂದು ನರಜಾಲದ ಹೆಸರಾಗಿ ಉಳಿದಿದ್ದಾರೆ. ಅವರು ಮೂಲತಃ ಭಾಷಾವಿಜ್ಞಾನಿ ಎಂಬುದನ್ನು ಮರೆತರೆ ಅವರ ಪ್ರಶ್ನೆಗಳೇ ನಮಗೆ ಅರ್ಥವಾಗುವುದಿಲ್ಲ.

1986ರಲ್ಲಿ ಮೆಕ್ಲೆಲಂಡ್ ಅವರೊಡನೆ ರೂಪಿಸಿದ ಟ್ರೇಸ್ ಮಾದರಿಯಲ್ಲಿ, ಮಾತಿನ ಕಾಲಕ್ರಮವನ್ನು ಹಿಡಿಯಲು ಒಂದೇ ಘಟಕವನ್ನು ಕ್ಷಣಕ್ಷಣಕ್ಕೂ ನಕಲು ಮಾಡಬೇಕಾಗಿತ್ತು. 1990ರ ‘ಫೈಂಡಿಂಗ್ ಸ್ಟ್ರಕ್ಚರ್ ಇನ್ ಟೈಮ್’ ಲೇಖನವು ಈ ತೊಡಕನ್ನು ಸರಳವಾಗಿ ಬಿಡಿಸಿತು: ಜಾಲವು ತನ್ನ ಹಿಂದಿನ ಸ್ಥಿತಿಯನ್ನೇ ಮುಂದಿನ ಪದದೊಡನೆ ಪಡೆಯುತ್ತದೆ, ಆಮೇಲೆ ಬರುವ ಪದವನ್ನು ಊಹಿಸುತ್ತದೆ. 29 ಪದಗಳ 10,000 ಕಿರುವಾಕ್ಯಗಳಿಂದ ಅದು ನಾಮ–ಕ್ರಿಯೆ, ಸಜೀವ–ನಿರ್ಜೀವ ಎಂಬ ವರ್ಗಗಳನ್ನು ಬೇರ್ಪಡಿಸಿತು.

ಈ ಫಲಿತಾಂಶವನ್ನು ಮೆಚ್ಚುವಾಗಲೂ ಒಂದು ಮಾತು ಹೇಳಬೇಕು. ವಾಕ್ಯಗಳನ್ನು ಹೆಣೆದ ಅಚ್ಚುಗಳಲ್ಲಿಯೇ ‘ಮನುಷ್ಯನಾಮ’, ‘ತಿನ್ನುವ ಕ್ರಿಯೆ’ ಮೊದಲಾದ ವರ್ಗಗಳಿದ್ದವು. ಜಾಲ ಅಗೆದು ತೆಗೆದದ್ದು ಸಂಶೋಧಕರೇ ಹೂತಿಟ್ಟ ನಿಧಿ. ಆದರೂ ಪದಗಳ ಸಂಕೇತಗಳಲ್ಲಿ ಪರಸ್ಪರ ಹೋಲಿಕೆಯ ಯಾವ ಸುಳಿವೂ ಇರಲಿಲ್ಲ. ನೆರೆಹೊರೆಯ ಪದಗಳಿಂದಲೇ ವರ್ಗ ಮೂಡಬಲ್ಲದು ಎಂಬ ನಿರೂಪಣೆ ಹಾಗಾಗಿ ನಿಲ್ಲುತ್ತದೆ.

1993ರ ವಾದ ಅಷ್ಟು ಗಟ್ಟಿಯಲ್ಲ. ಸಂಕೀರ್ಣ ವಾಕ್ಯಗಳನ್ನು ಕಲಿಯಲು ಮೊದಲು ಸರಳ ವಾಕ್ಯಗಳಾಗಲಿ, ಕಿರಿದಾದ ಸ್ಮೃತಿಯಾಗಲಿ ಬೇಕು, ಶೈಶವದ ಮಿತಿಯೇ ಶಕ್ತಿ ಎಂದರು ಎಲ್ಮನ್. ಮನಮೋಹಕ ವಿಚಾರ, ಬಹುಶಃ ಅದಕ್ಕೇ ಬೇಗ ಹರಡಿತು. 1999ರಲ್ಲಿ ರೋಡ್ ಮತ್ತು ಪ್ಲಾಟ್, ಅಂಥ ಮಿತಿಯಿಲ್ಲದೆಯೂ ಜಾಲ ಕಲಿಯುತ್ತದೆಂದು ತೋರಿಸಿದರು.

ನಮಗೆ ಇನ್ನೂ ಮುಖ್ಯವಾದುದು ಆ ಪರೀಕ್ಷೆಯ ಸ್ವರೂಪ. ಇಂಗ್ಲಿಷ್ ಮಾದರಿಯ ಅದರ ವಾಕ್ಯಗಳಲ್ಲಿ ಕರ್ತೃಪದಕ್ಕೂ ಅದರ ಕ್ರಿಯಾಪದಕ್ಕೂ ನಡುವೆ ಬರುವುದು ಕರ್ತೃವನ್ನೇ ವಿಶೇಷಿಸುವ ಉಪವಾಕ್ಯ. ಅದರೊಳಗಿನ ಕ್ರಿಯಾಪದವೂ ತನ್ನ ಕರ್ತೃವಿನ ವಚನವನ್ನು ತೋರುತ್ತದೆ. ಕನ್ನಡದಲ್ಲಿ ಅಂಥ ವಿಶೇಷಣ ಕರ್ತೃವಿಗೆ ಮುಂಚೆಯೇ ಮುಗಿದಿರುತ್ತದೆ. ಇಲ್ಲಿ ದೂರ ಹುಟ್ಟುವುದು ಕರ್ಮದ ವಿಶೇಷಣದಿಂದ: ‘ಹುಡುಗನು ಹುಡುಗಿಯರು ಸಾಕಿದ ನಾಯಿಯನ್ನು ಕರೆಯುತ್ತಾನೆ’. ‘ಸಾಕಿದ’ ಎಂಬ ಕೃದಂತದಲ್ಲಿ ಲಿಂಗವೂ ಇಲ್ಲ, ವಚನವೂ ಇಲ್ಲ. ಎರಡು ಪ್ರಥಮಾ ವಿಭಕ್ತಿಯ ನಾಮಗಳನ್ನು ಕೇಳಿದ ಜಾಲವು ಮೊದಲನೆಯದರ ಲಿಂಗ–ವಚನಗಳನ್ನು ಕೊನೆಯ ಆಖ್ಯಾತದವರೆಗೆ ಕಾಯ್ದಿರಿಸಬೇಕು. ಅದೂ ಅಲ್ಲದೆ, ಪದಕ್ಕೊಂದು ಅವಿಭಾಜ್ಯ ಸಂಕೇತ ಕೊಡುವ ಎಲ್ಮನ್ನರ ಪದ್ಧತಿಯಲ್ಲಿ ‘-ಆನೆ’ ಪ್ರತ್ಯಯಕ್ಕೆ ಪ್ರತ್ಯೇಕ ಅಸ್ತಿತ್ವವೇ ಇಲ್ಲ. ‘ಕರೆಯುತ್ತಾನೆ’, ‘ಕರೆಯುತ್ತಾರೆ’ ಎರಡೂ ಒಂದೇ ಧಾತುವಿನವೆಂಬುದನ್ನು ಜಾಲ ಪದಗಳ ನೆರೆಹೊರೆಯಿಂದಲೇ ಊಹಿಸಿಕೊಳ್ಳಬೇಕಾಗುತ್ತದೆ.