ಕೃಷ್ಣಾ ಸೀಮೆಯ ಕೆಂಪು ವೈನ್

ಆಸ್ಟ್ರೇಲಿಯಾದ ಬರೋಸಾ ಶಿರಾಜ್ ಒಳ್ಳೆಯದೇ, ಆದರೆ ದಪ್ಪ. ಎರಡನೇ ಗ್ಲಾಸಿಗೆ ಸಾಕೆನಿಸುತ್ತದೆ. ಆ ಬಳ್ಳಿಯೂ ಅಲ್ಲಿಗೆ ಫ್ರಾನ್ಸಿನಿಂದ ಹೋದದ್ದು. ನನ್ನ ಒಲವು ಇಳಕಲ್ಲಿನ ನೆರೆಯ ಕೊಪ್ಪಳ ಜಿಲ್ಲೆಯ ಕ್ರಸ್ಮಾ ತೋಟದ ಸ್ಯಾಂಜಿಯೋವೇಸೆ ಕಡೆಗೆ. ತಳಿ ಇಟಲಿಯದು, ಬಿಸಿಲು ನಮ್ಮದು. ಗ್ಲಾಸನ್ನು ಬೆಳಕಿಗೆ ಹಿಡಿದರೆ ಇಳಕಲ್ ಸೀರೆಯ ಸೆರಗಿನ ಕೆಂಪು. ಮೊದಲು ಹುಳಿಹಣ್ಣಿನ ವಾಸನೆ, ಆಮೇಲೆ ನಾಲಿಗೆಯ ಅಂಚಿಗೆ ಸಣ್ಣ ಒಗರು. ಆ ಒಗರೇ ಎಣ್ಣೆಗಾಯಿಯ ಜಿಡ್ಡನ್ನು ಕತ್ತರಿಸುವುದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಜೊತೆಗೂ ಹೊಂದುತ್ತದೆ. ಖಾರ ಮಾತ್ರ ಹಿತಮಿತವಾಗಿರಲಿ, ಇಲ್ಲದಿದ್ದರೆ ವೈನೂ ಉರಿಯುತ್ತದೆ.

ವಿಜಯಪುರ, ಬಾಗಲಕೋಟೆಯ ದ್ರಾಕ್ಷಿಯಲ್ಲಿ ಬಹುಪಾಲು ತಿನ್ನಲು ಇಲ್ಲವೇ ಒಣದ್ರಾಕ್ಷಿಗೆ ಹೋಗುತ್ತದೆ. ವೈನಿನದು ಬೇರೆ ತಳಿ: ಸಣ್ಣ ಕಾಳು, ದಪ್ಪ ಸಿಪ್ಪೆ, ಒಳಗೆ ಬೀಜ. ಬಣ್ಣ ಸಿಪ್ಪೆಯದು, ಒಗರು ಸಿಪ್ಪೆ, ಬೀಜ ಎರಡರದೂ. ಇಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಕಡ್ಡಿ ಸವರುವುದು. ಬೇಸಿಗೆಯದು ಕಡ್ಡಿಗೆ, ಮಳೆ ಇಳಿದ ಮೇಲಿನದು ಹಣ್ಣಿಗೆ. ಹೀಗಾಗಿ ಸುಗ್ಗಿ ಚಳಿಗಾಲ ಮುಗಿಯುವ ಹೊತ್ತಿಗೆ. 2007ರ ರಾಜ್ಯ ವೈನ್ ನೀತಿ ಇಂಥ ತೋಟಗಳಿಗೆ ಧೈರ್ಯ ಕೊಟ್ಟಿತು.

ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕುಡಿಯಬೇಕೆನ್ನುವವರು ಬಾಗಲಕೋಟೆಯ ಏಪ್ರಿಲ್ ಕಂಡವರಲ್ಲ. ಫ್ರಿಜ್ಜಿನಲ್ಲಿಡಿ, 16ರಿಂದ 18 ಡಿಗ್ರಿಗೆ ಬಂದರೆ ಸಾಕು.