ಕುದುರೆಗಳ ಲೆಕ್ಕ, ಮನುಷ್ಯರ ಲೆಕ್ಕ

ಗೂಗಲ್, ದೇವದುರ್ಗ, ಮಾನ್ವಿ ಭಾಗದ ನಮ್ಮ ಕುಟುಂಬಗಳಿಗೆ ಕೃಷ್ಣೆಯೆಂದರೆ ಬದುಕಿಗೆ ಆಸರೆಯಾದ ನದಿ. 1520ರ ಮೇ ತಿಂಗಳಲ್ಲಿ ರಾಯಚೂರು ಕೋಟೆಗಾಗಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಈ ನದಿಯ ಸಮೀಪದಲ್ಲೇ ಘೋರ ಯುದ್ಧ ನಡೆಯಿತು. ಅದರ ಸವಿಸ್ತಾರ ವೃತ್ತಾಂತವನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜ್. ಯುದ್ಧವಾಗಿ ಸುಮಾರು 15 ವರ್ಷಗಳ ಬಳಿಕ ರಚಿತವಾದ ಈ ಬರಹವನ್ನು ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು.

ಯುದ್ಧವರ್ಣನೆಯಲ್ಲಿ ನ್ಯೂನಿಜ್ ಸಮರ್ಥನೇ ಸರಿ. ಫಿರಂಗಿಗಳ ಏಟಿಗೆ ಹಿಮ್ಮೆಟ್ಟಿದ ವಿಜಯನಗರದ ಸೈನ್ಯವು ಅರಸನೇ ಮುನ್ನುಗ್ಗಿದಾಗ ಹಠಾತ್ತನೆ ತಿರುಗಿಬೀಳುತ್ತದೆ. ಬೆನ್ನಟ್ಟಿ ಬರುತ್ತಿದ್ದ ಬಿಜಾಪುರದ ಪಡೆ ದಿಕ್ಕೆಟ್ಟು ನದಿಯತ್ತ ಓಡುತ್ತದೆ. ಓದುಗನ ಎದೆ ಝಲ್ಲೆನ್ನುತ್ತದೆ. ಆದರೆ ಆ ದಂಡಿನ ಬಿಡಾರದಲ್ಲಿ ಆಯುಧ ಹಿಡಿದವರು ಮಾತ್ರ ಇದ್ದರೇ? ಅಂದಿನ ಪಾಳೆಯವೆಂದರೆ ಒಂದು ಸಂಚಾರಿ ಪಟ್ಟಣ. ರಾಯನ ಸೇನೆಯೊಡನೆ ನೀರು ಹೊರುವವರೇ 12,000 ಮಂದಿ ಇದ್ದರೆಂದು, ಅಗಸರೂ ವರ್ತಕರೂ ಇದ್ದರೆಂದು ನ್ಯೂನಿಜ್‌ನೇ ಹೇಳುತ್ತಾನೆ. ಬಿಜಾಪುರದ ಪಾಳೆಯದಲ್ಲಿಯೂ ಹೆಂಗಸರು, ಹುಡುಗರು ಸೆರೆಸಿಕ್ಕರು.

ಕೃತಿಯ ಕೊರತೆ ಕಾಣುವುದು ಇಲ್ಲಿಯೇ. ವಶವಾದ 4,000 ಕುದುರೆಗಳು, 100 ಆನೆಗಳು, 400 ದೊಡ್ಡ ಫಿರಂಗಿಗಳು ಅವನ ಪಟ್ಟಿಯಲ್ಲಿವೆ. ಸೆರೆಸಿಕ್ಕ ಜನರನ್ನು ಮಾತ್ರ ತಾನು ಲೆಕ್ಕಕ್ಕೆ ಹಿಡಿದಿಲ್ಲವೆಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಾನೆ. ವ್ಯಾಪಾರಿಯ ಕಣ್ಣಿಗೆ ಬೆಲೆಯಿದ್ದುದು ಮಾತ್ರ ಸಂಖ್ಯೆಯಾಯಿತು.

ಆದರೂ ಅವನಿಗೆ ನ್ಯಾಯ ಸಲ್ಲಿಸಬೇಕು. ಸೆರೆಸಿಕ್ಕ ಹೆಂಗಸರನ್ನು ಬಿಡುಗಡೆ ಮಾಡಲು ಅರಸನು ಆಜ್ಞಾಪಿಸಿದ್ದನ್ನು ಅವನು ಮರೆಯಲಿಲ್ಲ. ಇನ್ನೂ ಬೆನ್ನಟ್ಟೋಣವೆಂದ ದಳಪತಿಗಳನ್ನು ತಡೆದು, ತಪ್ಪಿಲ್ಲದವರು ಬಹಳ ಮಂದಿ ಸಾಯುತ್ತಾರೆಂದು ರಾಯನು ಹೇಳಿದ್ದನ್ನೂ ದಾಖಲಿಸಿದ. ಇಡೀ ವೃತ್ತಾಂತದಲ್ಲಿ ನನಗೆ ಅತ್ಯಂತ ಮಹತ್ತ್ವದ್ದಾಗಿ ತೋರುವುದು ಈ ಮಾತೇ.

ಇದಕ್ಕೆ ಪ್ರತಿಯಾಗಿ ಪಿಕಾಸೊನ ‘ಗೆರ್ನಿಕ’ ಚಿತ್ರವನ್ನು ನೋಡಿರಿ. 1937ರ ಏಪ್ರಿಲ್ 26ರಂದು, ಸೋಮವಾರ, ಸ್ಪೇನಿನ ಆ ಪಟ್ಟಣದ ಮೇಲೆ ವಿಮಾನಗಳು ಬಾಂಬು ಸುರಿಸಿದವು. ಚಿತ್ರದಲ್ಲಿ ವಿಮಾನವಿಲ್ಲ, ವಿಜಯಿಯೂ ಇಲ್ಲ. ಸತ್ತ ಕೂಸನ್ನು ತೋಳಲ್ಲಿ ಹಿಡಿದು ಗೋಳಿಡುವ ತಾಯಿ ಇದ್ದಾಳೆ. ನ್ಯೂನಿಜ್ ಲೆಕ್ಕದಿಂದ ಬಿಟ್ಟವರನ್ನೇ ಪಿಕಾಸೊ ಚಿತ್ರಿಸಿದ.

ಮಕ್ಕಳಿಗೆ ರಾಯಚೂರು ಕೋಟೆಯನ್ನು ತೋರಿಸುವಾಗ ಗೆದ್ದವರ ಹೆಸರನ್ನು ಅವಶ್ಯ ಹೇಳೋಣ. ಅದರೊಡನೆ, ಆ ದಿನ ನೀರಿನ ಚೀಲ ಹೊತ್ತು ನಿಂತಿದ್ದವನ ಗತಿ ಏನಾಗಿರಬಹುದೆಂದು ಅವರನ್ನು ಕೇಳೋಣ. ಇಂದಿನ ಯುದ್ಧವಾರ್ತೆಗಳನ್ನು ಓದುವಾಗಲೂ ನಮ್ಮ ಮೊದಲ ಪ್ರಶ್ನೆ ಅದೇ ಆಗಿರಲಿ.